ಮನೆಯ ಮೀಟರ್ ಪೆಟ್ಟಿಗೆಯಿಂದ ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿಗೆ ಹೋಗುವ ತಂತಿ ಎಷ್ಟು ದಪ್ಪ ಇರಬೇಕು?

8 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ ಸಾಕೋ, 16 ಚದರ ಮಿಲಿಮೀಟರ್ ತಾಮ್ರವೇ ಬೇಕೋ ಎಂದು ನಾನೂ ವಾರಗಟ್ಟಲೆ ತಲೆಕೆಡಿಸಿಕೊಂಡಿದ್ದೆ. ಚಿತ್ರದುರ್ಗದ ಹೊರವಲಯದಲ್ಲಿ ಮನೆ ಕಟ್ಟಿಸುತ್ತಿದ್ದ ಕಾಲ. ಕೊನೆಗೆ ತಾಮ್ರವನ್ನೇ ಹಾಕಿಸಿದೆ. ಗುಂಡಿಗೆ ಎರಡೂವರೆ ಮೀಟರ್ ಜಿಐ ಪೈಪು, ಇಜ್ಜಲು, ಉಪ್ಪು ಎಲ್ಲವೂ ಬಿದ್ದವು. ಎಲೆಕ್ಟ್ರಿಷಿಯನ್ ಫೇಸ್ (ವಿದ್ಯುತ್ ಬರುವ ತಂತಿ) ಮತ್ತು ಅರ್ಥ್ ನಡುವೆ 100 ವ್ಯಾಟ್ ಬಲ್ಬು ಹಿಡಿದ; ಚೆನ್ನಾಗಿ ಉರಿಯಿತು. "ಅರ್ಥಿಂಗ್ ಗಟ್ಟಿಯಾಗಿದೆ ಸರ್" ಎಂದ. ನಂಬಿದೆ.

ಎರಡನೆಯ ಬೇಸಿಗೆಯ ಒಂದು ಬೆಳಿಗ್ಗೆ ಅಮ್ಮ ಬರಿಗಾಲಿನಲ್ಲಿ, ಒದ್ದೆ ಕೈಯಲ್ಲಿ ಫ್ರಿಜ್ ಬಾಗಿಲು ಹಿಡಿದರು. ಎಸೆದಂತೆ ಹಿಂದಕ್ಕೆ ಬಿದ್ದರು. ಮುಂಗೈ ಮುರಿದು ಪ್ಲೇಟ್ ಹಾಕಿಸಬೇಕಾಯಿತು. ಫ್ರಿಜ್ಜಿನಲ್ಲಿ ದೋಷವೇ ಇರಲಿಲ್ಲ. ಕೆಟ್ಟಿದ್ದು ಬಚ್ಚಲಿನ ಗೀಸರ್.

ನನ್ನ ತಪ್ಪು ಆ ಬಲ್ಬು. 100 ವ್ಯಾಟ್ ಬಲ್ಬು ಎಳೆಯುವುದು ಅರ್ಧ ಆಂಪಿಯರ್‌ಗಿಂತಲೂ ಕಡಿಮೆ. ಉರಿಯುವಾಗ ಅದರದೇ ಪ್ರತಿರೋಧ ಸುಮಾರು 529 ಓಮ್. ಅದರ ಜೊತೆಗೆ ನೆಲದ ಇನ್ನೊಂದು 50 ಓಮ್ ಸೇರಿದರೂ ಬೆಳಕಿನಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅಪಘಾತದ ಮೇಲೆ ನೆಲದ ಪ್ರತಿರೋಧ ಅಳೆಯುವ ಅರ್ಥ್ ಟೆಸ್ಟರ್ ತರಿಸಿ ಅಳೆಸಿದಾಗ ನಮ್ಮ ಕಲ್ಲುನೆಲದ ಗುಂಡಿ ತೋರಿಸಿದ್ದು 48 ಓಮ್. 230 ವೋಲ್ಟನ್ನು 48ರಿಂದ ಭಾಗಿಸಿ: ಐದು ಆಂಪಿಯರ್ ಕೂಡ ಇಲ್ಲ. ವಿದ್ಯುತ್ ಮಿತಿಮೀರಿ ಹರಿದರೆ ತಾನಾಗಿ ಬಿದ್ದು ಸರಬರಾಜು ಕಡಿಯುವ ಸ್ವಿಚ್ಚು, ಅಂದರೆ ಗೀಸರಿನ 16 ಆಂಪಿಯರ್ ಎಂಸಿಬಿಗೆ ಅದು ಇಸ್ತ್ರಿಪೆಟ್ಟಿಗೆ ಹಾಕಿದಷ್ಟೇ ಭಾರ. ಅದು ಬೀಳಲೇ ಇಲ್ಲ. ಗೀಸರಿನ ಮೈಗೆ ಬಂದ ವಿದ್ಯುತ್ತನ್ನು ನನ್ನ ದಪ್ಪ ತಾಮ್ರ ನೆಲಕ್ಕೆ ಇಳಿಸಲಾರದೆ, ಅದೇ ಅರ್ಥ್ ತಂತಿಗೆ ಕಟ್ಟಿದ್ದ ಫ್ರಿಜ್ಜು, ವಾಷಿಂಗ್ ಮಷೀನುಗಳ ಮೈಗೆಲ್ಲ ತಲುಪಿಸಿತು. ಫ್ರಿಜ್ಜಿಗೆ ಆ ಅರ್ಥ್ ತಂತಿಯನ್ನು ಕಟ್ಟಿರದಿದ್ದರೆ ಅದನ್ನು ಮುಟ್ಟಿದ ಅಮ್ಮನಿಗೆ ಏನೂ ಆಗುತ್ತಿರಲಿಲ್ಲ. ಇದನ್ನು ಬರೆಯುವಾಗ ಇಂದಿಗೂ ಹೊಟ್ಟೆ ತೊಳಸುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿ ನಿಂತಿದೆ. ನಮ್ಮ ಮನೆಗಳಲ್ಲಿ ದೋಷದ ವಿದ್ಯುತ್ತಿಗೆ ಕಡಿವಾಣ ಹಾಕುವುದು ಮಣ್ಣು, ತಂತಿಯಲ್ಲ. 8 ಗೇಜ್ ಎಂದರೆ ನಾಲ್ಕು ಮಿಲಿಮೀಟರ್ ವ್ಯಾಸ, ಸುಮಾರು 13 ಚದರ ಮಿಲಿಮೀಟರ್. ಐದು ಆಂಪಿಯರ್‌ಗೆ ಅದು ಬೇಕಾದಷ್ಟಾಯಿತು. ನೆಲದೊಳಗೆ ತುಕ್ಕು ತಿನ್ನುತ್ತದೆ ಎಂಬ ಕಾರಣಕ್ಕೆ ಮಾತ್ರ ಅಲ್ಲಿ ಜಿಐ ಪಟ್ಟಿ ಹಾಕಿಸಿ. ಮನೆಯೊಳಗಿನ ಲೆಕ್ಕ ಬೇರೆ: ಅರ್ಥಿಂಗ್ ಕುರಿತ ಭಾರತೀಯ ಮಾನಕ ಐಎಸ್ 3043ರ ಪ್ರಕಾರ ಫೇಸ್ ತಂತಿ 16 ಚದರ ಮಿಲಿಮೀಟರ್‌ವರೆಗೆ ಇದ್ದರೆ ಅರ್ಥ್ ತಂತಿಯೂ ಅಷ್ಟೇ ದಪ್ಪ ಇರಬೇಕು. ಗೀಸರಿಗೆ 4 ಚದರ ಮಿಲಿಮೀಟರ್ ತಂತಿ ಎಳೆದು ಅರ್ಥ್‌ಗೆ 1.5 ಎಳೆಯುವವರನ್ನು ಕೆಲಸದಿಂದ ಬಿಡಿಸಿ.

ತಾಮ್ರಕ್ಕೆ ಎತ್ತಿಟ್ಟ ಹಣದಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ನೆಲಕ್ಕೆ ಸೋರುವ ಸಣ್ಣ ವಿದ್ಯುತ್ತನ್ನೂ ಗುರುತಿಸಿ ಸರಬರಾಜು ಕಡಿಯುವ ಸ್ವಿಚ್ಚು, ಹಾಕಿಸಿ. ನನ್ನ 48 ಓಮ್ ಗುಂಡಿಯಲ್ಲಿಯೂ ಅದು ಗೀಸರ್ ಕೆಟ್ಟ ಕ್ಷಣದಲ್ಲೇ ಬೀಳುತ್ತಿತ್ತು. ನಾನು ಆಮೇಲೆ ಅದನ್ನು ಹಾಕಿಸಿ, ಐದು ಮೀಟರ್ ಆಚೆಗೆ ಎರಡನೆಯ ಪೈಪನ್ನೂ ಇಳಿಸಿ ಎರಡನ್ನೂ ಜೋಡಿಸಿದೆ. ಅಳತೆಯನ್ನು ಮಳೆಗಾಲದಲ್ಲಿ ಮಾಡಿಸಬೇಡಿ, ಏಪ್ರಿಲ್‌ನಲ್ಲಿ ಮಾಡಿಸಿ; ಬಲ್ಬು ಹಿಡಿದುಕೊಂಡು ಬಂದವನಿಗೆ ಟೆಸ್ಟರ್ ತರುವವರೆಗೂ ದುಡ್ಡು ಕೊಡಬೇಡಿ.