ಗೀಸರ್ ಹಾಕಿದರೆ ದೀಪ ಮಿನುಗುವುದೇಕೆ?

ಪ್ರಶ್ನೆ: ಫ್ರಿಜ್ ಚಾಲೂ ಆದಾಗಲೆಲ್ಲ ನಮ್ಮ ನಡುಮನೆಯ ದೀಪ ಒಮ್ಮೆ ಮಂಕಾಗಿ ಸರಿಯಾಗುತ್ತದೆ. ಗೀಸರ್ ಹಾಕಿದರಂತೂ ಅದನ್ನು ಆರಿಸುವವರೆಗೂ ಮಲಗುವ ಕೋಣೆಯ ದೀಪ ಮಿನುಗುತ್ತಲೇ ಇರುತ್ತದೆ. ಇದು ಅಪಾಯವೇ? ಸ್ಟೆಬಿಲೈಜರ್ ಹಾಕಿಸಿದರೆ ಸರಿಹೋದೀತೇ?

ಉತ್ತರ: ಫ್ರಿಜ್‌ನ ವಿಷಯ ಸಹಜ, ಚಿಂತೆ ಬೇಡ. ಗೀಸರಿನ ವಿಷಯ ಓದಿ ನನಗೆ ಕಳವಳವಾಯಿತು. ವೈರಿಂಗ್ ತಪಾಸಣೆ ಮಾಡಿಸುವವರೆಗೆ ದಯವಿಟ್ಟು ಅದನ್ನು ಹಾಕಬೇಡಿ.

ಮೋಟಾರು ತಿರುಗುತ್ತಿರುವಾಗ ತನ್ನೊಳಗೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿಕೊಂಡು ಕರೆಂಟಿಗೆ ಕಡಿವಾಣ ಹಾಕುತ್ತದೆ. ನಿಂತ ಮೋಟಾರಿಗೆ ಆ ಕಡಿವಾಣವಿಲ್ಲ. ಹಾಗಾಗಿ ಫ್ರಿಜ್‌ನ ಕಂಪ್ರೆಸರ್ ಹೊರಡುವ ಅರೆಕ್ಷಣ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಹೊತ್ತಿಗೆ ವೋಲ್ಟೇಜಿನ ಸ್ವಲ್ಪ ಭಾಗ ತಂತಿಯಲ್ಲೇ ಕಳೆದುಹೋಗಿ, ದೀಪಕ್ಕೆ ಸಿಗುವುದು ಕಡಿಮೆಯಾಗುತ್ತದೆ. ಹಳೆಯ ಕಾಲದ ಬಲ್ಬಾದರೆ ಶೇ 5ರಷ್ಟು ವೋಲ್ಟೇಜ್ ಇಳಿದರೂ ಬೆಳಕು ಸುಮಾರು ಶೇ 16ರಷ್ಟು ಕುಗ್ಗುತ್ತದೆ. ಒಳ್ಳೆಯ ಎಲ್‌ಇಡಿ ಈ ಏರಿಳಿತವನ್ನು ತಾನೇ ನುಂಗಿಕೊಳ್ಳುತ್ತದೆ. ಅಗ್ಗದ್ದು ಎಲ್ಲವನ್ನೂ ತೋರಿಸಿಬಿಡುತ್ತದೆ.

ಗೀಸರಿನಲ್ಲಿ ಮೋಟಾರಿಲ್ಲ, ಇರುವುದು ಕಾಯಿಲ್. 2000 ವ್ಯಾಟಿನದಾದರೆ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ, ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ. ಆದ್ದರಿಂದ ದೀಪ ಒಂದಿಷ್ಟು ಮಂಕಾಗಿ ಹಾಗೆಯೇ ನಿಲ್ಲಬೇಕಿತ್ತು. ಬಿಡದೆ ಮಿನುಗುತ್ತಿದೆ ಎಂದರೆ ದಾರಿಯಲ್ಲೆಲ್ಲೋ ಒಂದು ಜೋಡಣೆ ಸಡಿಲವಾಗಿರುವ ಸಂಭವ ಹೆಚ್ಚು.

ಇಲ್ಲಿ ಒಂದು ಲೆಕ್ಕ ನೋಡಿ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹೋಗಿಬರುವ ದಾರಿ ಸೇರಿ 40 ಮೀಟರ್ ಇದ್ದರೆ ಅದರ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸುಮಾರು ಅರ್ಧ ಓಮ್. ಗೀಸರಿನ ಕರೆಂಟಿಗೆ ನಾಲ್ಕು ವೋಲ್ಟ್ ನಷ್ಟ, 36 ವ್ಯಾಟ್ ಶಾಖ. ಅಷ್ಟುದ್ದದ ತಂತಿಯಲ್ಲಿ ಹಂಚಿಹೋಗುವುದರಿಂದ ಮುಟ್ಟಿದರೂ ತಿಳಿಯುವುದಿಲ್ಲ. ಅದೇ ಅರ್ಧ ಓಮ್ ಒಂದು ಸಡಿಲ ಸ್ಕ್ರೂವಿನ ಬುಡದಲ್ಲಿದ್ದರೆ? ದೀಪ ಮಂಕಾಗುವುದು ಮೊದಲಿನಷ್ಟೇ, ಆದರೆ 36 ವ್ಯಾಟೂ ಆ ಒಂದೇ ಚುಕ್ಕೆಯಲ್ಲಿ. ಬೆಸುಗೆ ಹಾಕುವ ಸಣ್ಣ ಸಾಲ್ಡರಿಂಗ್ ಐರನ್ 25 ವ್ಯಾಟಿನದು, ಸೀಸವನ್ನೇ ಕರಗಿಸುತ್ತದೆ!

ಯಾವ ಮನೆಗೆ ತಪಾಸಣೆಗೆ ಹೋದರೂ ನಾನು ಮೊದಲು ಬೋರ್ಡಿನ ಹತ್ತಿರ ಮೂಗು ಒಯ್ಯುತ್ತೇನೆ. ಕಾದ ಪ್ಲಾಸ್ಟಿಕ್ಕು ಕೆಲವೊಮ್ಮೆ ಮೀನಿನಂಥ ವಾಸನೆ ಬೀರುತ್ತದೆ. ಮುಚ್ಚಳ ಬಿಚ್ಚಿದರೆ ಸ್ಕ್ರೂವಿನ ಸುತ್ತ ಕಂದು ಕಲೆ, ಬೆರಳಿನಲ್ಲಿ ಬಗ್ಗಿಸಿದರೆ ಪುಡಿಯಾಗುವ ಹೊದಿಕೆ. ನಿಮ್ಮಲ್ಲಿ ಮಲಗುವ ಕೋಣೆಯ ದೀಪವೊಂದೇ ಮಿನುಗುವುದಾದರೆ ಆ ಕೋಣೆಗೂ ಗೀಸರಿಗೂ ಹಂಚಿಕೆಯಾದ ತಂತಿಯಲ್ಲಿ ಹುಡುಕಿಸಿ. ಮನೆಯ ದೀಪಗಳೆಲ್ಲ ಮಿನುಗಿದರೆ ಮೇನ್ ಸ್ವಿಚ್, ನ್ಯೂಟ್ರಲ್ ಪಟ್ಟಿ (ಕರೆಂಟು ಮರಳುವ ನ್ಯೂಟ್ರಲ್ ತಂತಿಗಳೆಲ್ಲ ಕೂಡುವ ಜಾಗ), ಇಲ್ಲವೇ ಮೀಟರಿನ ಆಚೆಯ ಜೋಡಣೆ. ಮೀಟರಿನ ಆಚೆಗೆ ವಿದ್ಯುತ್ ಕಂಪನಿಯವರೇ ಕೈಹಾಕಬೇಕು.

ಒಂದು ಕೋಣೆಯ ದೀಪ ಮಂಕಾದಾಗ ಇನ್ನೊಂದು ಕೋಣೆಯದು ವಿಪರೀತ ಬೆಳಗಿದರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ, ಮೇನ್ ಆರಿಸಿ. ಅದು ನ್ಯೂಟ್ರಲ್ ಕಡಿದ ಲಕ್ಷಣ. ಮೂರು ಫೇಸಿನ ಮನೆಯಲ್ಲಿ ಆಗ ಕೆಲವು ಸಾಕೆಟ್ಟುಗಳಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು.

ಎಲೆಕ್ಟ್ರಿಷಿಯನ್ ಬಂದಾಗ ಸುಟ್ಟ ಸಾಕೆಟ್ಟಿನ ಸ್ಕ್ರೂವನ್ನು ಬಿಗಿದು ಕಳಿಸಿಬಿಡುವುದಕ್ಕೆ ಒಪ್ಪಬೇಡಿ. ಕಪ್ಪಾದ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಸಾಕೆಟ್ಟನ್ನೇ ಬದಲಿಸಲಿ. ಸಾಧ್ಯವಿದ್ದರೆ ಗೀಸರಿಗೆ ಬೋರ್ಡಿನಿಂದಲೇ 2.5 ಅಥವಾ 4 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ ಎಳೆಸಿ, ಅದಕ್ಕೆ ತಕ್ಕ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಹಾಕಿಸಿ.

ಸ್ಟೆಬಿಲೈಜರ್ ಬೇಡವೇ ಬೇಡ. ಅದು ತಗ್ಗಿದ ವೋಲ್ಟೇಜನ್ನು ಎತ್ತಿಕೊಡಲು ಹಿಂದಿನಿಂದ ಇನ್ನಷ್ಟು ಕರೆಂಟು ಎಳೆಯುತ್ತದೆ, ಅದೂ ಆ ಸಡಿಲ ಸ್ಕ್ರೂವಿನ ಮೂಲಕವೇ.