ಅಮೆರಿಕದ ಸಣ್ಣ ಊರುಗಳಲ್ಲಿ ಪೊಲೀಸ್ ಮುಖ್ಯಸ್ಥನನ್ನು ನಗರಸಭೆಯೇ ನೇಮಿಸುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕ್ಯಾಲಿಫೋರ್ನಿಯಾದ ಯಾವುದೋ ಪುಟ್ಟ ನಗರದ ಸಭೆಯ ವಿಡಿಯೊ ನೋಡಿದ್ದೀರಿ. ಹೊಸ ಪೊಲೀಸ್ ಮುಖ್ಯಸ್ಥರ ನೇಮಕದ ಬಗ್ಗೆ ಎರಡೂವರೆ ಗಂಟೆ ವಾದ ನಡೆದರೂ ಒಬ್ಬ ಅಭ್ಯರ್ಥಿಯ ಹೆಸರೂ ಯಾರ ಬಾಯಿಂದಲೂ ಬರಲಿಲ್ಲ. ಕೆಲವು ವಾರಗಳ ನಂತರದ ಸಭೆಯಲ್ಲಿ ಒಬ್ಬ ಸಿಬ್ಬಂದಿ ಎದ್ದು ಸಂಬಳ, ರಜೆ, ಕಾರಿನ ಭತ್ಯೆ ಎಲ್ಲವನ್ನೂ ಗಟ್ಟಿಯಾಗಿ ಓದಿದರು, ಮತ ಹಾಕಿದರು, ಮುಗಿಯಿತು. ನಗರಸಭೆಗೂ ಪೊಲೀಸರಿಗೂ ಏನು ಸಂಬಂಧ, ಹೆಸರೇ ಇಲ್ಲದೆ ಎಂಥ ಚರ್ಚೆ, ಆ ಪಟ್ಟಿಯನ್ನು ಓದಿದ್ದೇಕೆ ಎಂಬುದು ನಿಮ್ಮ ಕುತೂಹಲ.

ನಾನು ಹದಿನಾಲ್ಕು ವರ್ಷದಿಂದ ಇಂಥದೇ ಒಂದು ಊರಿನಲ್ಲಿದ್ದೇನೆ. ಜನಸಂಖ್ಯೆ ಇಪ್ಪತ್ತೈದು ಸಾವಿರದ ಆಸುಪಾಸು, ನಗರಸಭೆಯಲ್ಲಿ ಐದು ಸದಸ್ಯರು. ಇಂಥ ಒಂದು ನೇಮಕವನ್ನು ಮೊದಲಿನಿಂದ ಕೊನೆಯವರೆಗೆ ಕುರ್ಚಿಯಲ್ಲಿ ಕುಳಿತು ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮ ಸಾಗರದಲ್ಲಿ ನಗರಸಭೆಯ ಅಧ್ಯಕ್ಷರು ಪೊಲೀಸ್ ಠಾಣೆಗೆ ಹೋದರೆ ಅರ್ಜಿ ಹಿಡಿದುಕೊಂಡೇ ಹೋಗಬೇಕು. ನಮ್ಮ ಸಂವಿಧಾನದಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. 74ನೇ ತಿದ್ದುಪಡಿ ಬಂದು ನಗರಗಳಿಗೆ ವಹಿಸಬಹುದಾದ 18 ಕೆಲಸಗಳನ್ನು 12ನೇ ಅನುಸೂಚಿಯಲ್ಲಿ ಬರೆದಾಗಲೂ ಬೀದಿದೀಪ, ಸ್ಮಶಾನ, ದನದೊಡ್ಡಿ, ಕಸಾಯಿಖಾನೆ, ಅಗ್ನಿಶಾಮಕ ಸೇವೆ ಎಲ್ಲ ಬಂದವು, ಪೊಲೀಸ್ ಬರಲಿಲ್ಲ. ಇಲ್ಲಿ ಅಮೆರಿಕದಲ್ಲಿ ಲೆಕ್ಕ ತಿರುವುಮುರುವು. ದೇಶದಲ್ಲಿ ಸುಮಾರು 18,000 ಪ್ರತ್ಯೇಕ ಪೊಲೀಸ್ ಸಂಸ್ಥೆಗಳಿವೆ, ಅವುಗಳಲ್ಲಿ ಬಹುಪಾಲು ಆಯಾ ಊರಿನ ಸ್ವಂತ ಪೊಲೀಸ್. ಊರಿನ ಪೊಲೀಸ್ ಇಲಾಖೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಹತ್ತು ಜನ ಅಧಿಕಾರಿಗಳೂ ಇರುವುದಿಲ್ಲ. ಊರು ತೆರಿಗೆ ಎತ್ತುತ್ತದೆ, ಊರು ಸಂಬಳ ಕೊಡುತ್ತದೆ, ಊರೇ ಮುಖ್ಯಸ್ಥನನ್ನು ಹುಡುಕಿಕೊಳ್ಳುತ್ತದೆ. ಮೇಲಿನಿಂದ ವರ್ಗಾವಣೆಯಾಗಿ ಬರುವವರು ಯಾರೂ ಇಲ್ಲ. ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪಯ್ಯ ಕೇಳಿದ್ದರು: "ಅಂದರೆ ಎಸ್ಪಿ ಕೆಲಸಕ್ಕೆ ಜಾಹೀರಾತು ಕೊಡುತ್ತಾರೇನೋ?" ಕೊಡುತ್ತಾರೆ. ಊರಿನ ಕೆರೆ, ಉದ್ಯಾನ, ಬೆಟ್ಟದ ಹಿಂದಿನ ಸೂರ್ಯಾಸ್ತದ ಚಿತ್ರಗಳಿರುವ ಬಣ್ಣದ ಪುಸ್ತಿಕೆಯನ್ನೇ ಮಾಡಿಸುತ್ತಾರೆ. ನಮ್ಮ ಊರಿನ ಪುಸ್ತಿಕೆ ನೋಡಿ, ಇಷ್ಟು ಚೆಂದದ ಊರಿನಲ್ಲಿ ಪೊಲೀಸರಿಗೆ ಏನು ಕೆಲಸ ಎಂದು ನನಗೇ ಅನಿಸಿತ್ತು.

ಇನ್ನು ಹೆಸರು ಏಕೆ ಬರಲಿಲ್ಲ ಎಂಬ ಮಾತು. ಕ್ಯಾಲಿಫೋರ್ನಿಯಾದ ಹೆಚ್ಚಿನ ಸಣ್ಣ ನಗರಗಳಲ್ಲಿ ಮೇಯರ್ ಎಂದರೆ ಸಭೆಯ ಅಧ್ಯಕ್ಷತೆ ವಹಿಸುವ ಸದಸ್ಯ, ಅಷ್ಟೇ. ಆಡಳಿತ ನಡೆಸುವವರು ಸಿಟಿ ಮ್ಯಾನೇಜರ್. ನಮ್ಮ ಪೌರಾಯುಕ್ತರನ್ನು ನೆನಪಿಸಿಕೊಳ್ಳಿ, ಆದರೆ ಇವರನ್ನು ಕಳಿಸುವುದು ಸರ್ಕಾರವಲ್ಲ; ನಗರಸಭೆಯೇ ನೇಮಿಸುತ್ತದೆ, ಬೇಡವಾದರೆ ಕಳಿಸುತ್ತದೆ. 1908ರಲ್ಲಿ ವರ್ಜೀನಿಯಾದ ಸ್ಟಾಂಟನ್ ಎಂಬ ಊರು ಇಂಥ ವ್ಯವಸ್ಥಾಪಕರೊಬ್ಬರನ್ನು ಮೊದಲು ಇಟ್ಟುಕೊಂಡಿತು. ರಾಜಕಾರಣಿಗಳು ತಮ್ಮ ಕಡೆಯವರಿಗೆ ಕೆಲಸ ಹಂಚುವುದನ್ನು ತಪ್ಪಿಸಬೇಕು ಎಂಬ ಆಲೋಚನೆಯಲ್ಲಿ ಈ ಪದ್ಧತಿ ಬೇರೆ ಊರುಗಳಿಗೂ ಹಬ್ಬಿತು. ಪೊಲೀಸ್ ಚೀಫ್ ಸೇರಿದಂತೆ ಇಲಾಖೆಗಳ ಮುಖ್ಯಸ್ಥರನ್ನು ಆರಿಸುವವರು ಈ ಮ್ಯಾನೇಜರ್; ಸಭೆ ಮತ ಹಾಕುವುದು ಅವರ ಸಂಬಳದ ಒಪ್ಪಂದಕ್ಕೆ. ಇಂಥವರನ್ನೇ ತೆಗೆದುಕೊಳ್ಳಿ ಎಂದು ಸದಸ್ಯನೊಬ್ಬ ಮ್ಯಾನೇಜರ್‌ಗೆ ಹೇಳಿದರೆ ಅದು ಊರಿನ ನಿಯಮದ ಉಲ್ಲಂಘನೆ ಎನಿಸಿಕೊಳ್ಳುವ ಕಡೆಗಳೂ ಇವೆ. ಮೇಯರ್ ನೇಮಿಸಿ ಸಭೆ ಒಪ್ಪಿಗೆ ಕೊಡುವ ಊರುಗಳು ಬೇರೆ ಇವೆ; ಅಲ್ಲಿ ಹೆಸರೇ ಕಣದಲ್ಲಿರುತ್ತದೆ, ಜಗಳವೂ ಜೋರಾಗಿರುತ್ತದೆ. ನೀವು ನೋಡಿದ್ದು ಮೊದಲ ಬಗೆಯದು ಎಂದು ಕಾಣುತ್ತದೆ.

ಹೆಸರು ಮುಚ್ಚಿಡಲು ಇನ್ನೊಂದು ಸರಳ ಕಾರಣವೂ ಇದೆ. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಬೇರೆ ಊರಿನಲ್ಲಿ ಕೆಲಸದಲ್ಲಿರುತ್ತಾರೆ. ಇಲ್ಲಿ ಹೆಸರು ಹೊರಬಿದ್ದರೆ ಅಲ್ಲಿ ಮರುದಿನದಿಂದ ಅವರನ್ನು ನೋಡುವ ಕಣ್ಣೇ ಬೇರೆ.

ಹಾಗಾದರೆ ಎರಡೂವರೆ ಗಂಟೆ ಏನು ಮಾತಾಡಿದರು? ನಮ್ಮ ಊರಿನದನ್ನು ಹೇಳುತ್ತೇನೆ. ಹಳೆಯ ಚೀಫ್ ನಿವೃತ್ತರಾದರು. ಹಂಗಾಮಿಯಾಗಿ ಪಕ್ಕದ ಜಿಲ್ಲೆಯಲ್ಲಿ ಎಂದೋ ನಿವೃತ್ತರಾಗಿದ್ದ ಒಬ್ಬರನ್ನು ಕರೆತಂದರು. ಸಾರ್ವಜನಿಕ ನೌಕರರ ಪಿಂಚಣಿ ಪಡೆಯುತ್ತಿರುವವರು ಇಲ್ಲಿ ಒಂದು ಹಣಕಾಸು ವರ್ಷದಲ್ಲಿ 960 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಅಂದರೆ ಆರು ತಿಂಗಳೂ ದಾಟದ ಗಡುವು. ಆ ಗಂಟೆಗಳನ್ನು ಎಣಿಸುತ್ತ ಎಣಿಸುತ್ತಲೇ ಸಭೆಗಳು ನಡೆದವು.

ಮೊದಲ ಸಭೆಯಲ್ಲಿ ಒಬ್ಬ ಸದಸ್ಯರು ಬುಡಕ್ಕೇ ಕೊಡಲಿ ಹಾಕಿದರು: ಚೀಫ್ ಏಕೆ, ಪೊಲೀಸ್ ಇಲಾಖೆಯೇ ಏಕೆ ಬೇಕು, ಕೌಂಟಿಯ (ಅಂದರೆ ಜಿಲ್ಲೆಯ) ಪೊಲೀಸ್ ಮುಖ್ಯಸ್ಥನಾದ ಶೆರೀಫ್‌ಗೆ ಗುತ್ತಿಗೆ ಕೊಟ್ಟರೆ ಅಗ್ಗವಲ್ಲವೇ? ಇದು ತಮಾಷೆಯ ಮಾತಲ್ಲ. ಲಾಸ್ ಏಂಜಲೀಸ್ ಪಕ್ಕದ ಲೇಕ್‌ವುಡ್ 1954ರಲ್ಲಿ ನಗರವಾದಾಗ ಸ್ವಂತ ಪೊಲೀಸರನ್ನು ಕಟ್ಟಲೇ ಇಲ್ಲ, ಶೆರೀಫ್‌ನ ಸೇವೆಯನ್ನು ಹಣ ಕೊಟ್ಟು ಪಡೆಯಿತು. ಇಂದು ಆ ಒಂದು ಕೌಂಟಿಯಲ್ಲೇ ನಲವತ್ತಕ್ಕೂ ಹೆಚ್ಚು ನಗರಗಳು ಹಾಗೆ ಮಾಡುತ್ತಿವೆ. ಕಾಂಪ್ಟನ್ ನಗರ 2000ದಲ್ಲಿ ತನ್ನ ಪೊಲೀಸ್ ಇಲಾಖೆಯನ್ನೇ ಮುಚ್ಚಿ ಶೆರೀಫ್‌ಗೆ ಒಪ್ಪಿಸಿತು. ಅಗ್ಗವೋ ಅಲ್ಲವೋ ಎನ್ನುವುದರ ಮೇಲೆ ನಮ್ಮಲ್ಲಿ ಒಂದು ಗಂಟೆ ಕಳೆಯಿತು. ಶೆರೀಫ್ ಕೌಂಟಿಯ ಜನರಿಂದ ಚುನಾಯಿತರಾದವರು. ನಮ್ಮ ಊರಿನ ಐವರು ಸದಸ್ಯರು ಅವರನ್ನು ತೆಗೆಯಲಾರರು. ಈ ಒಂದು ಮಾತಿಗೆ ಆ ಪ್ರಸ್ತಾಪ ಅಲ್ಲಿಗೇ ನಿಂತಿತು.

ಮುಂದಿನದು ಒಳಗಿನವರೋ ಹೊರಗಿನವರೋ ಎಂಬ ಪ್ರಶ್ನೆ. ಠಾಣೆಯಲ್ಲೇ ಮೇಲೇರಿದ ಕ್ಯಾಪ್ಟನ್‌ಗೆ ಊರು ಗೊತ್ತು, ಜೊತೆಗೆ ಹದಿನೈದು ವರ್ಷದ ಗೆಳೆತನ, ಮುನಿಸು ಎಲ್ಲ ಗೊತ್ತು. ಹೊರಗಿನವರಿಗೆ ಕೈ ಸ್ವಚ್ಛ, ಆದರೆ ಮೂರು ವರ್ಷದಲ್ಲಿ ಇನ್ನೂ ದೊಡ್ಡ ಊರಿಗೆ ಜಿಗಿಯುವ ಅಪಾಯ. ಸಾರ್ವಜನಿಕರು ಮಾತಾಡಲು ಮೂರು ನಿಮಿಷ. ವೇದಿಕೆಯ ಮೇಲೆ ಹಸಿರು, ಹಳದಿ, ಕೆಂಪು ದೀಪ. ಆ ಸಂಜೆ ಒಬ್ಬ ಅಜ್ಜಿ ಫರ್ಗುಸನ್ ಹೆಸರೆತ್ತಿದರು. ಮಿಸೌರಿಯ ಫರ್ಗುಸನ್ ಆಗ ನಮ್ಮಂತೆಯೇ ಇಪ್ಪತ್ತು ಸಾವಿರ ಚಿಲ್ಲರೆ ಜನರಿದ್ದ ಊರು. 2014ರಲ್ಲಿ ಮೈಕೆಲ್ ಬ್ರೌನ್ ಪೊಲೀಸ್ ಗುಂಡಿಗೆ ಸತ್ತ ಬಳಿಕ ಕೇಂದ್ರದ ನ್ಯಾಯ ಇಲಾಖೆ ತನಿಖೆ ಮಾಡಿ 2015ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಊರಿನ ಮೂರರಲ್ಲಿ ಎರಡು ಪಾಲು ಕಪ್ಪು ಜನ, 54 ಪೊಲೀಸರಲ್ಲಿ ಕಪ್ಪು ಜನ ನಾಲ್ವರು. ಅದಕ್ಕಿಂತ ನನ್ನನ್ನು ಕಲಕಿದ್ದು ದುಡ್ಡಿನ ಕಥೆ: ಬಜೆಟ್ ತುಂಬಲು ದಂಡದ ಚೀಟಿಗಳನ್ನು ಹೆಚ್ಚಿಸಿ ಎಂದು ನಗರದ ಆಡಳಿತವೇ ಚೀಫ್ ಮೇಲೆ ಒತ್ತಡ ಹಾಕುತ್ತಿತ್ತು. ವರದಿ ಬಂದ ತಿಂಗಳಲ್ಲೇ ಅಲ್ಲಿನ ಮ್ಯಾನೇಜರ್ ಮತ್ತು ಚೀಫ್ ಇಬ್ಬರೂ ರಾಜೀನಾಮೆ ಕೊಟ್ಟರು. ಅಜ್ಜಿ ಕೇಳಿದ್ದು ಒಂದೇ: "ದಂಡದಿಂದ ಬರುವ ಆದಾಯವನ್ನು ಚೀಫ್‌ನ ವಾರ್ಷಿಕ ಮೌಲ್ಯಮಾಪನದಲ್ಲಿ ಸೇರಿಸುತ್ತೀರಾ?" ಕೆಂಪು ದೀಪ ಹತ್ತಿತು, ಉತ್ತರ ಬರಲಿಲ್ಲ. ಸಾರ್ವಜನಿಕರ ಮಾತಿಗೆ ಸಭೆ ಉತ್ತರಿಸಲೇಬೇಕೆಂದಿಲ್ಲ.

ನಾನೂ ಒಮ್ಮೆ ಮಾತಾಡಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೊಸ ಚೀಫ್ ಊರಿನೊಳಗೇ ಮನೆ ಮಾಡಬೇಕು ಎಂದು ಷರತ್ತು ಹಾಕಿ ಎಂದೆ. ನಗರದ ವಕೀಲರು ಕನ್ನಡಕ ಸರಿಮಾಡಿಕೊಂಡು, ಕ್ಯಾಲಿಫೋರ್ನಿಯಾದ ಸಂವಿಧಾನವೇ ಅದಕ್ಕೆ ಅಡ್ಡಿ, ಸಮಂಜಸವಾದ ದೂರದೊಳಗೆ ಇರಬೇಕು ಎನ್ನಬಹುದು ಅಷ್ಟೇ ಎಂದರು. ಮೂರು ನಿಮಿಷದಲ್ಲಿ ಎರಡು ನಿಮಿಷ ಉಳಿದಿತ್ತು. ಸುಮ್ಮನೆ ಬಂದು ಕುಳಿತೆ.

ಉಳಿದ ಮಾತೆಲ್ಲ ಹಣದ್ದು. ಸಂಬಳಕ್ಕಿಂತ ಇಲ್ಲಿ ಪಿಂಚಣಿ ದೊಡ್ಡದು. 2013ಕ್ಕಿಂತ ಮೊದಲೇ ಈ ವ್ಯವಸ್ಥೆಯಲ್ಲಿದ್ದ ಪೊಲೀಸ್ ಅಧಿಕಾರಿಗೆ ಹಲವು ಊರುಗಳಲ್ಲಿ 50ನೇ ವಯಸ್ಸಿಗೇ, ದುಡಿದ ಪ್ರತಿ ವರ್ಷಕ್ಕೆ ಸಂಬಳದ ಶೇ 3ರಂತೆ ಪಿಂಚಣಿ ಸಿಗುತ್ತದೆ. ಮೂವತ್ತು ವರ್ಷ ದುಡಿದಿದ್ದರೆ ಶೇ 90. ಅನುಭವಿಗಳು ಬೇಕು ಎಂದರೆ ಈ ಹಳೆಯ ಲೆಕ್ಕದವರೇ ಬರುತ್ತಾರೆ; ಚೀಫ್ ಆಗಿ ಪಡೆದ ಕೊನೆಯ ದೊಡ್ಡ ಸಂಬಳದ ಮೇಲೆ ಜೀವನಪೂರ್ತಿ ಪಿಂಚಣಿ ನಿಲ್ಲುತ್ತದೆ.

ಈಗ ಆ ಪಟ್ಟಿ ಓದಿದ ಸಂಗತಿಗೆ ಬರುತ್ತೇನೆ. ಇದರ ಹಿಂದೆ ಬೆಲ್ ಎಂಬ ಊರಿದೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು 35,000 ಜನರಿರುವ, ಕೂಲಿಕಾರ ವಲಸಿಗರೇ ಹೆಚ್ಚಾಗಿರುವ ಬಡ ಊರು. 2010ರ ಜುಲೈನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಅಲ್ಲಿನ ಸಂಬಳಗಳನ್ನು ಬಯಲಿಗೆ ತಂದಿತು. ಮ್ಯಾನೇಜರ್ ರಾಬರ್ಟ್ ರಿಜ್ಜೊಗೆ ವರ್ಷಕ್ಕೆ ಎಂಟು ಲಕ್ಷ ಡಾಲರ್‌ಗೆ ತುಸು ಕಡಿಮೆ. ಪೊಲೀಸ್ ಚೀಫ್ ರ‍್ಯಾಂಡಿ ಆಡಮ್ಸ್‌ಗೆ 4,57,000 ಡಾಲರ್, ಪಕ್ಕದ ಮಹಾನಗರ ಲಾಸ್ ಏಂಜಲೀಸಿನ ಚೀಫ್‌ಗಿಂತಲೂ ಬಹಳ ಹೆಚ್ಚು. ಆಡಮ್ಸ್ ಅವರ ಒಪ್ಪಂದ ನಗರಸಭೆಯ ಬಹಿರಂಗ ಸಭೆಗೆ ಬಂದಿರಲೇ ಇಲ್ಲ. ಅರೆಕಾಲಿಕ ಕೆಲಸದ ಸದಸ್ಯರೂ ಲಕ್ಷ ಡಾಲರ್ ಹತ್ತಿರ ಪಡೆಯುತ್ತಿದ್ದರು. 2013ರಲ್ಲಿ ಐವರು ಮಾಜಿ ಸದಸ್ಯರು ತಪ್ಪಿತಸ್ಥರಾದರು, ಮರುವರ್ಷ ರಿಜ್ಜೊಗೆ 12 ವರ್ಷ ಜೈಲಾಯಿತು. ಆಡಮ್ಸ್ ಮೇಲೆ ಮೊಕದ್ದಮೆ ಹೂಡಲಿಲ್ಲ. ಆದರೆ ಆ ಸಂಬಳದ ಲೆಕ್ಕದಲ್ಲಿ ಕೇಳಿದ ಪಿಂಚಣಿಯೂ ಅವರಿಗೆ ಸಿಗಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಸಭೆಗಳು ಬಹಿರಂಗವಾಗಿ ನಡೆಯಬೇಕು ಎನ್ನುವ ಬ್ರೌನ್ ಕಾಯ್ದೆ 1953ರಿಂದಲೂ ಇದೆ. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಅಂಟಿಸಬೇಕು. ಐವರಲ್ಲಿ ಮೂವರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ನಗರದ ವಿಷಯ ಮಾತಾಡಿದರೂ ಕಾಯ್ದೆಯ ಉಲ್ಲಂಘನೆ. ಬೆಲ್ ಹಗರಣದ ನಂತರ ಇದಕ್ಕೆ ಇನ್ನಷ್ಟು ಗಂಟು ಹಾಕಿದರು. ಉನ್ನತ ಅಧಿಕಾರಿಗಳ ಸಂಬಳವನ್ನು 24 ಗಂಟೆಯ ಸೂಚನೆ ಕೊಟ್ಟು ಕರೆಯುವ ವಿಶೇಷ ಸಭೆಯಲ್ಲಿ ತೆಗೆದುಕೊಳ್ಳುವಂತಿಲ್ಲ. ಆಮೇಲೆ 2017ರಿಂದ, ಮತಕ್ಕೆ ಹಾಕುವ ಮೊದಲು ಅದೇ ಸಭೆಯಲ್ಲಿ ಸಂಬಳ ಮತ್ತು ಸೌಲಭ್ಯಗಳ ಸಾರಾಂಶವನ್ನು ಬಾಯಿಬಿಟ್ಟು ಹೇಳಲೇಬೇಕು. ಕಾಗದದಲ್ಲಿದೆ, ಓದಿಕೊಳ್ಳಿ ಎಂದರೆ ನಡೆಯದು. ನಿಮಗೆ ನೀರಸವಾಗಿ ಕಂಡ ಆ ಓದು ಅದೇ.

ನಮ್ಮ ಊರಿನಲ್ಲಿ ಓದು ಮುಗಿಯಲು ಎರಡು ನಿಮಿಷವೂ ಆಗಲಿಲ್ಲ. ತೆಗೆದುಹಾಕಿದರೆ ಎಷ್ಟು ತಿಂಗಳ ಸಂಬಳ ಕೊಡಬೇಕು ಎಂಬ ಸಾಲು ಬಂದಾಗ ಮಾತ್ರ ಹಿಂದಿನ ಸಾಲಿನಲ್ಲಿ ಯಾರೋ ಪೆನ್ನು ತೆಗೆದು ಬರೆದುಕೊಂಡರು. ಚೀಫ್ ಅನ್ನು ತೆಗೆಯುವುದೂ ಇಲ್ಲಿ ಬಾಯಿಮಾತಿನ ಕೆಲಸವಲ್ಲ: ಲಿಖಿತ ನೋಟಿಸ್, ಕಾರಣ, ಮೇಲ್ಮನವಿಯ ಅವಕಾಶ ಎಲ್ಲ ಕಾನೂನಿನಲ್ಲೇ ಇದೆ. ನಮ್ಮಲ್ಲಿ ಎಸ್ಪಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಲು ಬಿಡಿ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟದ್ದು ನೆನಪಾಯಿತು. ಇಲ್ಲಿ ರಾತ್ರೋರಾತ್ರಿ ಎತ್ತಂಗಡಿ ಮಾಡಲು ಬೇರೆ ಊರೇ ಇಲ್ಲ.

ಮತ ನಾಲ್ಕು, ವಿರೋಧ ಒಂದು. ವಿರೋಧಿಸಿದವರು ಶೆರೀಫ್ ಗುತ್ತಿಗೆಯ ಸದಸ್ಯರೇ. ವ್ಯಕ್ತಿಯ ಮೇಲೆ ದೂರಿಲ್ಲ, ಕಾರಿನ ಭತ್ಯೆ ಹೆಚ್ಚಾಯಿತು ಎಂದರು. ಕಾರ್ಯಸೂಚಿಯ ಮುಂದಿನ ವಿಷಯ ಒಣಎಲೆ ಊದುವ ಯಂತ್ರದ ಸದ್ದು. ಅದಕ್ಕೆ ಮಾತಾಡಲು ಹೆಸರು ಕೊಟ್ಟವರು ಹತ್ತೊಂಬತ್ತು ಮಂದಿ, ಚೀಫ್ ಒಪ್ಪಂದಕ್ಕೆ ಬಂದವರಿಗಿಂತ ಹೆಚ್ಚು. ನಾನು ಎದ್ದು ಮನೆಗೆ ಹೋದೆ.