ಎಂಟು ಜನ ಸೇಲ್ಸ್ ಹುಡುಗರಿಗೆ ಯಾವ ಸಿಆರ್‌ಎಂ ಆ್ಯಪ್ (ಗಿರಾಕಿಗಳ ವಿವರ, ವ್ಯವಹಾರ ಬರೆದಿಡುವ ಆ್ಯಪ್) ಒಳ್ಳೆಯದು? ಅವರ ಸ್ವಂತ ಫೋನಿಗೇ ಹಾಕಿಸಬಹುದಾ? ಅವರು ಎಲ್ಲಿ ತಿರುಗುತ್ತಿದ್ದಾರೆ ಅಂತ ಲೊಕೇಶನ್ ಕೂಡ ನೋಡಬೇಕು.

ಆ್ಯಪ್ ಮಾತು ಆಮೇಲೆ. ಮೊದಲು ಹೇಳಿ, ಆ ಫೋನಿನಲ್ಲಿರುವ ಸಿಮ್ ಯಾರ ಹೆಸರಿನಲ್ಲಿದೆ?

ನನ್ನದು ಹುಬ್ಬಳ್ಳಿಯಲ್ಲಿ ಪೈಪ್, ಫಿಟಿಂಗ್ಸ್ ಡಿಸ್ಟ್ರಿಬ್ಯೂಶನ್. ಗದಗ, ಹಾವೇರಿ, ರಾಣೆಬೆನ್ನೂರು ಕಡೆ ಹುಡುಗರು ಬೀಟ್, ಅಂದರೆ ಅಂಗಡಿಯಿಂದ ಅಂಗಡಿಗೆ ಆರ್ಡರ್ ಸುತ್ತು, ಹೋಗುತ್ತಾರೆ. ನಾನೂ ದುಡ್ಡು ಕೊಟ್ಟು ಆ್ಯಪ್ ತಗೊಂಡೆ. ಫೋನ್, ನಂಬರ್ ಅವರದೇ ಇರಲಿ, ರೀಚಾರ್ಜ್ ನಾವು ಹಾಕಿಸೋಣ ಅಂದೆ. ಆ್ಯಪ್‌ನಲ್ಲಿ ಅಂಗಡಿ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಎಲ್ಲ ಚೆಂದವಾಗಿ ತುಂಬಿತ್ತು. ಆದರೆ ವ್ಯಾಪಾರ ನಡೆಯುತ್ತಿದ್ದದ್ದು ವಾಟ್ಸಾಪ್‌ನಲ್ಲಿ. ಚೀಟಿಯಲ್ಲಿ ಬರೆದ ಆರ್ಡರ್ ಫೋಟೋ ಅಲ್ಲಿ, ರೇಟು ಕುದುರುತ್ತಿದ್ದದ್ದು ಅಲ್ಲಿ, "ಸೋಮವಾರ ಚೆಕ್ ಕೊಡ್ತೀನಿ" ಅನ್ನುವ ಮಾತೂ ಅಲ್ಲೇ.

ಹಾವೇರಿ ಲೈನ್ ನೋಡುತ್ತಿದ್ದವನು ಬೇರೆ ಡಿಸ್ಟ್ರಿಬ್ಯೂಟರ್ ಹತ್ತಿರ ಸೇರಿದ. ನಂಬರ್ ಅವನ ಜೊತೆ ಹೋಯಿತು. ಕದ್ದ ಅನ್ನೋಕೂ ಆಗಲ್ಲ, ಅವನದೇ ನಂಬರ್ ಅಲ್ವಾ? ಡೂಪ್ಲಿಕೇಟ್ ಸಿಮ್ ತೆಗೆಸೋಣ ಅಂದರೆ, ಯಾರ ಹೆಸರಿನಲ್ಲಿದೆಯೋ ಅವರೇ ಗುರುತಿನ ಚೀಟಿ ಹಿಡಿದು ಬರಬೇಕು. ರೀಚಾರ್ಜ್ ಹಾಕಿಸಿದ್ದು ನಾನು ಅನ್ನುವುದಕ್ಕೆ ಅಲ್ಲಿ ಬೆಲೆಯೇ ಇಲ್ಲ. ಚಾಟ್ ಬ್ಯಾಕಪ್ ಕೂಡ ಅವನ ಗೂಗಲ್ ಖಾತೆಯಲ್ಲಿ. ಅಂಗಡಿಯವರು ಮಾಮೂಲಿನಂತೆ ಅದೇ ನಂಬರಿಗೆ ಆರ್ಡರ್ ಹಾಕಿದರು, ಮಾಲು ಬೇರೆಯವರ ಗೋಡೌನಿನಿಂದ ಹೋಯಿತು. ಬಾಕಿ ಕೇಳಲು ಹೋದರೆ "ನಿಮ್ಮ ಹುಡುಗ ಇಷ್ಟು ಡಿಸ್ಕೌಂಟ್ ಒಪ್ಪಿದ್ದ" ಅನ್ನುತ್ತಾರೆ, ಇಲ್ಲ ಅನ್ನಲು ನನ್ನ ಹತ್ತಿರ ಒಂದು ಮೆಸೇಜೂ ಇಲ್ಲ.

ಸಿಮ್‌ಗಳನ್ನು ಫರ್ಮ್ ಹೆಸರಿನಲ್ಲಿ ತಗೊಳ್ಳಿ. ಆ ನಂಬರಿಗೆ ವಾಟ್ಸಾಪ್ ಬಿಸಿನೆಸ್, ಬ್ಯಾಕಪ್‌ಗೆ ಫರ್ಮ್‌ನ ಜಿಮೇಲ್, ಜೊತೆಗೆ ಆಫೀಸ್ ಕಂಪ್ಯೂಟರ್‌ಗೂ ಲಿಂಕ್. ಅವರ ಫೋನಿನಲ್ಲೇ ಎರಡನೇ ಸಿಮ್ ಆಗಿ ಹಾಕಬಹುದು, ಅವರ ಸ್ವಂತ ವಾಟ್ಸಾಪ್ ಪಕ್ಕದಲ್ಲೇ ಇದು ನಡೆಯುತ್ತದೆ. ಆದರೂ ಅಗ್ಗದ್ದಾದರೂ ಸರಿ, ಬೇರೆ ಫೋನ್ ಕೊಡಿ ಅಂತಲೇ ನನ್ನ ಹಟ.

ಆ್ಯಪ್ ಯಾವುದಾದರೂ ತಗೊಳ್ಳಿ. ಜೋಹೋ ಕಂಪನಿ ತನ್ನ ಸಿಆರ್‌ಎಂ ಪುಕ್ಕಟೆ ಕೊಡುವುದು 3 ಜನರಿಗೆ ಮಾತ್ರ, ನಿಮಗೆ ಸಾಲದು. ತುಂಬುವ ಕಾಲಂ ನಾಲ್ಕೇ ಇಡಿ: ಯಾವ ಅಂಗಡಿ, ಏನು ಕೇಳಿದರು, ಬಾಕಿ ಎಷ್ಟು, ಮತ್ತೆ ಯಾವಾಗ ಹೋಗಬೇಕು. ಜಾಸ್ತಿ ಇಟ್ಟರೆ ಹುಡುಗರು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಾಯಿಗೆ ಬಂದದ್ದು ತುಂಬುತ್ತಾರೆ. ಟೈಪ್ ಮಾಡಲು ಬೇಜಾರಾದರೆ ಕನ್ನಡದಲ್ಲಿ ಮಾತಾಡಲಿ, ಜಿಬೋರ್ಡ್ (ಗೂಗಲ್‌ನ ಕೀಬೋರ್ಡ್ ಆ್ಯಪ್) ಬರೆದುಕೊಳ್ಳುತ್ತದೆ.

ಇನ್ನು ಹುಡುಗರು ಎಲ್ಲಿ ತಿರುಗುತ್ತಿದ್ದಾರೆ ಅಂತ ಲೊಕೇಶನ್ ನೋಡಬೇಕು ಅಂದಿದ್ದೀರಿ. ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ, ಸುಳ್ಳು ಲೊಕೇಶನ್ ತೋರಿಸುವ ಆ್ಯಪ್ ಪುಕ್ಕಟೆ ಸಿಗುತ್ತವೆ. ದಿನಾ ಒಂದೆರಡು ಅಂಗಡಿಗೆ ನೀವೇ ಫೋನ್ ಮಾಡಿ, ಹುಡುಗ ಬಂದಿದ್ದನಾ ಅಂತ ಕೇಳಿ. ಹಳೇ ಬಾಕಿಯನ್ನೂ ಅಲ್ಲೇ ನೆನಪಿಸಿ.